ತೂಕ

ಗದಗದಿಂದ ಮಂಗಳೂರಿಗೆ ವರ್ಗವಾಗಿ ಬಂದ ಮೊದಲ ವಾರ
ಈ ಊರಿಗೆಲ್ಲ ನನ್ನ ಕಸುಬು ಗೊತ್ತಾಗಿಬಿಟ್ಟಿದೆ ಎಂದುಕೊಂಡೆ.
ಸ್ಟೇಟ್ ಬ್ಯಾಂಕ್ ನಿಲ್ದಾಣದಲ್ಲಿ ಕಂಡಕ್ಟರನ್ನು ಕೇಳಿದೆ,
ಬೋಳಾರದವರೆಗೆ ಸೀಟು ಸಿಕ್ಕೀತೆ?
‘ತೂಕ’ ಎಂದ.
ಮನೆಯೊಡತಿ ಅಪೊಲಿನ್ ಬಾಯಿಯನ್ನು ಕೇಳಿದೆ,
ಸೋರುವ ಹಂಚು ಮಳೆಗೆ ಮುಂಚೆ ಬದಲಾದೀತೆ?
‘ತೂಕ.’
ದಕ್ಕೆಯಲ್ಲಿ ಬಲೆ ಹೊತ್ತ ಹುಡುಗ ಇನ್ನೊಬ್ಬನಿಗೆ
ಕೂಗಿ ಹೇಳುತ್ತಿದ್ದ, ‘ತೂಕ ಮಾರಾಯಾ!’

ನಾನು ಅಳತೆ-ತೂಕದ ಇಲಾಖೆಯವಳು.
ನನ್ನ ಮರದ ಪೆಟ್ಟಿಗೆಯ ಮಖಮಲ್ಲಿನ ಗುಳಿಗಳಲ್ಲಿ
ಹಿತ್ತಾಳೆಯ ಬಟ್ಟುಗಳು ಮಲಗಿರುತ್ತವೆ
ದೊಡ್ಡಕ್ಕನಿಂದ ಕಿರಿತಂಗಿಯವರೆಗೆ ಸಾಲಾಗಿ.
ಬರಿಗೈಯಲ್ಲಿ ಮುಟ್ಟುವಂತಿಲ್ಲ, ಬೆವರೂ ಭಾರ.
ಇಲ್ಲಿಯ ಗಾಳಿಗೆ ಅವೇ ಬೆವರುತ್ತವೆ.

ಕೊನೆಗೆ ಬಂದರಿನ ಓಣಿಯಲ್ಲಿ, ಒಣಮೆಣಸಿನ ಘಾಟಿನ ನಡುವೆ,
ಇದಿನಬ್ಬ ಸಾಹುಕಾರರು ನಗು ತಡೆಯಲಾರದೆ ಹೇಳಿದರು:
‘ತುಳುವಿನಲ್ಲಿ ತೂಕ ಅಂದರೆ ನೋಡುವಾ ಅಂತ, ಮೇಡಂ.
ಆಗುತ್ತದೆ ಅಂತಲೂ ಅಲ್ಲ, ಆಗುವುದಿಲ್ಲ ಅಂತಲೂ ಅಲ್ಲ.
ಎರಡರ ನಡುವೆ ಒಂದು ಚಹಾ ಕುಡಿಯಬಹುದು.’
ಕುಡಿದೆವು.

ನಮ್ಮ ಕಡೆ ‘ನೋಡೋಣ್ರೀ’ ಎಂದರೆ ಇಲ್ಲವೆಂದೇ ಲೆಕ್ಕ.
ಅಪ್ಪ ನೋಡೋಣ ಎಂದ ಸೈಕಲ್ಲು
ಇನ್ನೂ ಎಲ್ಲೋ ಅಂಗಡಿಯಲ್ಲಿ ನಿಂತಿದೆ.
ನಾನೂ ಹಾಗೇ ನೋಡೋಣ ಎಂದದ್ದುಂಟು,
ಒಂದು ಹಾರ್ಮೋನಿಯಮ್ಮಿಗೆ, ಒಂದು ಮದುವೆಗೆ,
ಇನ್ನೊಂದಕ್ಕೆ.
ಅದು ಏನೆಂದು ಹೇಳಲಾರೆ.

ತಕ್ಕಡಿಗೆ ನಮ್ಮದೊಂದು ಪರೀಕ್ಷೆಯಿದೆ.
ಎರಡೂ ತಟ್ಟೆ ಸಮ ನಿಂತ ಮೇಲೆ
ಒಂದರಲ್ಲಿ ತೀರ ಸಣ್ಣದೊಂದು ಬಟ್ಟು ಇಡುತ್ತೇನೆ.
ಮುಳ್ಳು ಅಲುಗಬೇಕು.
ಅಲುಗದಿದ್ದರೆ, ಎಷ್ಟೇ ನೆಟ್ಟಗೆ ನಿಂತಿರಲಿ,
ಮುದ್ರೆ ಇಲ್ಲ.

ಕಂಕನಾಡಿಯ ಒಂದು ಬೆಲ್ಲದಂಗಡಿಯಲ್ಲಿ
ಉಪ್ಪುಗಾಳಿ ತಿಂದ ತಕ್ಕಡಿ ಸಿಕ್ಕಿತು.
ಐದು ಗ್ರಾಂ ಇಟ್ಟೆ. ಹತ್ತು. ಐವತ್ತು.
ಸಾವಧಾನ ನಿಂತ ಪೊಲೀಸಿನವನ ಹಾಗೆ ನಿಂತೇ ಇತ್ತು.
‘ತಿರಸ್ಕೃತ’ ಎಂದು ಬರೆಯುವಾಗ
ಅರ್ಧಕ್ಕೆ ಪೆನ್ನು ತಡೆಯಿತು,
ಸಂತೆಯಲ್ಲಿ ಗುರುತಿನವರು ಎದುರಾದಂತೆ.
ರಿಪೇರಿಯ ಕೂಸಪ್ಪಣ್ಣ ಅದನ್ನು ಹೆಗಲಿಗೇರಿಸಿ
‘ಸತ್ತಿಲ್ಲ ಮೇಡಂ, ಎಣ್ಣೆ ಕಾಣದೆ ಮುನಿಸಿಕೊಂಡಿದೆ ಅಷ್ಟೆ’ ಎಂದರು.

ಆಗಸ್ಟಿನಲ್ಲಿ ಬೋಟುಗಳು ಇಳಿದವು.
ಅಪ್ಪಿಯಕ್ಕ ಮೀನು ತೂಗುವವಳಲ್ಲ,
ನೂರಕ್ಕೆ ಇಷ್ಟು ಎಂದು ಎಣಿಸಿ ಕೊಡುವವಳು.
ನೋಟೀಸು ಕೊಡಬೇಕೆಂದು ಪೆಟ್ಟಿಗೆ ಹಿಡಿದೇ ನಿಂತಿದ್ದೆ.
ಅವಳು ತಲೆ ಎತ್ತಿದಳು:
‘ನೀವು ಮೀನು ತಿಂತೀರಾ?’

ಇಲ್ಲ ಎಂಬ ಮಾತು ನಲವತ್ತಾರು ವರ್ಷದಿಂದ
ನಾಲಿಗೆಯ ತುದಿಯಲ್ಲಿ ಇಸ್ತ್ರಿ ಮಾಡಿಸಿಕೊಂಡು ಕೂತಿತ್ತು.
ಬಾಯಿ ತೆರೆದೆ.
‘ತೂಕ’ ಎಂದೆ.
ಇಲಾಖೆಯ ಮಾತೋ ಈ ಊರಿನ ಮಾತೋ
ನನಗೇ ತಿಳಿಯಲಿಲ್ಲ.

ಅವಳು ತೇಗದೆಲೆಯಲ್ಲಿ ಹತ್ತು ಬೂತಾಯಿ ಸುತ್ತಿ
ಮೇಲೆ ಎರಡು ಕೊಸರು ಹಾಕಿದಳು.
ಕೊಸರಿಗೆ ನನ್ನ ರಿಜಿಸ್ಟರಿನಲ್ಲಿ ಕಲಮಿಲ್ಲ.

ತಿಂಗಳಿಂದ ನನ್ನ ಮೆಟ್ಟಿಲಲ್ಲಿ ಮಲಗುವ,
ಹತ್ತಿರ ಹೋದರೆ ಓಡುವ,
ಕಿವಿ ಹರಿದ ಬೆಕ್ಕೊಂದಿದೆ.
‘ನಿಮ್ಮದಾ?’ ಎಂದಳು ಪಕ್ಕದ ಮನೆಯ ಹುಡುಗಿ.
ನಾನು ಮಾತಾಡಲಿಲ್ಲ. ಕೊಸರಿನ ಎರಡನ್ನು
ಬೇರೆ ತಟ್ಟೆಯಲ್ಲಿ ಎತ್ತಿಟ್ಟೆ, ಯಾಕೆಂದು ಕೇಳಬೇಡಿ.
ಉಳಿದದ್ದನ್ನು ಎಲೆ ಸಮೇತ ಕಲ್ಲಿನ ಮೇಲಿಟ್ಟು
ಎರಡು ಹೆಜ್ಜೆ ಹಿಂದೆ ಸರಿದು ಕೂತೆ.

ಹಂಚಿನಿಂದ ಹನಿ ಬೀಳುತ್ತಿತ್ತು.
ಬೆಕ್ಕು ಬಂತು. ನಿಂತಿತು.
ಒಂದು ಮುಂಗಾಲು ಗಾಳಿಯಲ್ಲಿ,
ಇಡುವುದೋ, ಹಿಂದಕ್ಕೆಳೆದುಕೊಳ್ಳುವುದೋ.