ಯೂರಿಯಾ ಮುಲಾಮು

ಉರಿ ನನಗೇನು ಹೊಸಾದಲ್ಲ, ಡಾಕ್ಟರ್ ಬಾಯಾರ.
ಬ್ಯಾಡಗಿ ಪ್ಯಾಟ್ಯಾಗ ಮೂವತ್ತು ವರ್ಷ
ಮೆಣಸಿನಕಾಯಿ ತುಂಬು ಬಿಡಿಸಿದಾಕಿ ನಾನು.
ಹಗಲೆಲ್ಲಾ ಕೆಂಪ ರಾಶಿ ಮುಂದ ಕುಂತು
ಸಂಜಿಗೆ ಕೂಸಿಗೆ ಮೊಲಿ ಕೊಡಬೇಕಂದ್ರ
ಕೈಗೆ ಬೂದಿ ತಿಕ್ಕಿ, ಮಜ್ಜಿಗಿ ಸುರುವಿ, ಮತ್ತ ಬೂದಿ,
ಆದ್ರೂ ಅದು ಕಿಟಾರನ ಕಿರಚೂದು.
ಆ ಮೊಲಿ ಈಗಿಲ್ಲ.
ಅದರ ಸುದ್ದಿ ನಿಮ್ಮ ಫೈಲಿನ್ಯಾಗೈತಿ, ಬಿಡ್ರಿ.

ಆ ಉರಿ ಎಲ್ಲಿಂದ ಬಂತು ಅಂತ ಗೊತ್ತಿರತಿತ್ತು,
ಚೀಲದ ಮ್ಯಾಲ ಯಾಪಾರಸ್ತನ ಹೆಸರಿರತಿತ್ತು.
ಈ ಉರಿಗೆ ಚೀಲ ಇಲ್ಲ.
ಹೊತ್ತಿಗೆ ಮೂರು ಗುಳಿಗಿ, ದಿನಕ್ಕ ಎರಡು ಹೊತ್ತು,
ಹದಿನಾಕು ದಿವಸ ನುಂಗು, ಏಳು ದಿವಸ ಬಿಡು.
ಹತ್ತನೇ ದಿವಸಕ್ಕ ಅಂಗೈ ಕೆಂಪಾತು,
ಅಂಗಾಲು ಬಿರೀತು,
ಬಚ್ಚಲಕ್ಕ ಹೋಗೂ ನಾಕು ಹೆಜ್ಜಿ ನೆಲ
ಕಾದ ಹಂಚಿನಗತೆ.
ಉಳ್ಳಾಗಡ್ಡಿ ಸುಲದಂಗ ತೊಗಲು ಏಳಾಕ ಹತ್ತಿತು.

ಮೊದಲ ಸಲ ಸೆರಗಿನ್ಯಾಗ ಕೈ ಮುಚ್ಚಿಟ್ಟಿದ್ದೆ.
ಉರಿ ಅಂದ್ರ ಗುಳಿಗಿ ನಿಲ್ಲಸತೀರಿ,
ಗುಳಿಗಿ ನಿಂತ್ರ... ಅಂತ.
ನೀವ ಹಿಡದು ತಗದು ನೋಡಿ
ಬೈಯಲಿಲ್ಲ, ಅದಕ್ಕ ಇನ್ನೂ ಅಳು ಬಂತು.

ನವನಗರದ ನಿಮ್ಮ ದವಾಖಾನಿ ನರ್ಸವ್ವ
ಒಂದು ಟ್ಯೂಬು ಕೊಟ್ಟು ಅಂದ್ಲು:
ಇದರಾಗ ಯೂರಿಯಾ ಐತಿ, ದಿನಾ ಹಚ್ಚರಿ.
ನಕ್ಕೆ. ಯವ್ವಾ, ಗೊಂಜಾಳಕ್ಕ ಹಾಕತೀವಿ,
ನನಗೂ ಹಾಕು, ಎದ್ದು ನಿಂತೇನು.
ಆಕೀನೂ ನಕ್ಲು, ಆಮ್ಯಾಲ ಸಾಲಾಗಿ ಹೇಳಿದ್ಲು:
ಬಿಸಿನೀರು ಬ್ಯಾಡ, ಅರಬಿ ಒಗೀಬ್ಯಾಡ್ರಿ,
ರಾತ್ರಿ ಹತ್ತಿ ಕಾಲಚೀಲ, ಹಗಲು ಮೆತ್ತನ ಚಪ್ಪಲಿ,
ರೊಟ್ಟಿ ಬಡೀಬ್ಯಾಡ್ರಿ.
ಎಲ್ಲಾ ಹೂಂ ಅಂದೆ. ರೊಟ್ಟಿಗಷ್ಟ ಸುಮ್ಮನಿದ್ದೆ.

ರೇಷನ್ ಅಂಗಡ್ಯಾಗ ಮಷೀನು ನನ್ನ ಒಲ್ಲೆ ಅಂತು.
ಇನ್ನೊಂದು ಬೆರಳು ಇಡಬೇ, ಅಂದ ಗುರುಸಿದ್ದಪ್ಪ.
ಇಟ್ಟೆ. ಒರಸಿ ಇಟ್ಟೆ. ಎಡಗೈ ಇಟ್ಟೆ.
ಹಿಂದ ಪಾಳಿ ಬೆಳೀತು,
ಯಾರೋ ಗೊಣಗಿದ್ರು, ಯಾರೋ ಕೈ ನೋಡಿ ಸುಮ್ಮನಾದ್ರು.
ಸಾಲಿ ಕಟ್ಟಿ ಹತ್ತಿದಾಕೆಲ್ಲ ನಾನು,
ಹೆಬ್ಬೆಟ್ಟೇ ನನ್ನ ಸೈ.
ಅರ್ಧ ಮೆಣಸಿನಕಾಯಿ ತಿಂತು, ಉಳದದ್ದು ಗುಳಿಗಿ.
ಈಗ ನನಗ ಹೆಬ್ಬೆಟ್ಟೂ ಬರೂದಿಲ್ಲ, ಬಾಯಾರ.

ಐತವಾರ ಫಕೀರವ್ವ, ಶಿವಲಿಂಗವ್ವ, ಕಡೇಮನಿ ರತ್ನಿ
ಮೂವರೂ ಹಸಿ ತಲಿಲೇ ಬಂದ್ರು.
ಏನಿದು, ಹಬ್ಬೇನು, ಅಂದೆ.
ಖಾರದ ಧೂಳು ನಿನಗ ಹತ್ತಬಾರದಂತ
ಜಳಕಾ ಮಾಡಿ, ಸೀರಿ ಬದಲಿಸಿ ಬಂದೀವಿ, ಅಂದ್ರು.
ಸಾಲಿನ್ಯಾಗ ನನ್ನ ಜಾಗಾದಾಗ
ಖಾಲಿ ಬುಟ್ಟಿ ಇಟ್ಟಾರಂತ.
ಮುಕಾದಮ ಎರಡು ಸಲ ಸರಿಸಿದ್ನಂತ, ಇವರು ಮತ್ತ ಇಟ್ರಂತ.

ನಮ್ಮ ಗುಡ್ಡಪ್ಪಂದು ಹಮಾಲಿ ಕೈ.
ಆಂವ ಮುಲಾಮು ಹಚ್ಚಿದ್ರ
ಗರಗಸ ಎಳದಂಗ, ನಾ ಚೀರತಿದ್ದೆ.
ನೆರಿಮನಿ ರಮಜಾನಬಿ ಒಂದು ಕೋಳಿ ಪುಕ್ಕ ತಂದು ಕೊಟ್ಲು.
ಕ್ವಿಂಟಲ್ ಚೀಲ ಬೆನ್ನಿಗೆ ಹಾಕ್ಕೊಳ್ಳಾಂವ
ಈಗ ಉಸರು ಬಿಗಿ ಹಿಡದು
ಎರಡು ಬೆರಳಿನ್ಯಾಗ ಪುಕ್ಕ ಹಿಡೀತಾನ,
ಒಂದೊಂದ ಬೆರಳಿನ ಸಂದಿಗೆ ಸವರತಾನ.
ನಲವತ್ತು ವರ್ಷದ ಸಂಸಾರದಾಗ
ನನ್ನ ಅಂಗಾಲು ಹೆಂಗೈತಿ ಅಂತ
ಆಂವ ಇಷ್ಟೊತ್ತು ನೋಡಿದ್ದಿಲ್ಲ.
ನಾನೂ ತೋರಿಸಿದ್ದಿಲ್ಲ.

ನಿನ್ನಿ, ಗುಳಿಗಿ ರಜಾದ ಐದನೇ ದಿವಸ,
ಹೆಬ್ಬೆಟ್ಟಿನ ಮ್ಯಾಲ ಒಂದು ಗೆರಿ ಮೂಡಿದಂಗ ಕಂಡಿತು.
ಬಂತು ನೋಡು, ಬಂತು, ಅಂತ ಕರದೆ.
ಆಂವ ಕೈ ಬಿಸಲಿಗೆ ಹಿಡದು, ಕಣ್ಣು ಕಿರಿದು ಮಾಡಿ,
ಭಾಳ ಹೊತ್ತು ನೋಡಿ ಅಂದ:
ಗೆರಿ ಅಲ್ಲಬೇ. ಪುಕ್ಕದ ಎಳಿ ಅಂಟೇತಿ.
ನಕ್ಕಿವಿ. ನನಗ ತುಟಿ ಸೀಳೂತನಕ ನಗು.

ಸೋಮಾರದಿಂದ ಮತ್ತ ಗುಳಿಗಿ.
ಪುಕ್ಕ ತೊಳದು
ಗ್ವಾಡಿ ಬಿರುಕಿನ್ಯಾಗ ಸಿಗಿಸಿ ಬಂದೇನಿ.