ಓರೆ ದಪ್ಪ

ನೂರಡಿ ರಸ್ತೆಯ ಬೆಟ್ಟಸ್ವಾಮಿ ಬೀಡಿ ಆರಿಸಿ ಹೇಳುತ್ತಿದ್ದ:
ನಮ್ಮ ಅಕ್ಷರ ಕೂತು ಉಂಡವು ಕಣ್ಲಾ,
ದುಂಡು ಹೊಟ್ಟೆ, ಚಕ್ಕಂಬಕ್ಕಳ.
ಎಬ್ಬಿಸಿ ಓಡಿಸೋದು ಸುಮ್ಕಲ್ಲ.

ಲಾರಿಯ ಹಣೆ ಮೂರು ಮೊಳ.
ಅದರೊಳಗೆ ಮಾಲೀಕನಿಗೆ ಬೇಕಾದ್ದು
ಮನೆದೇವರು, ಸತ್ತ ಅಪ್ಪ, ಇಬ್ಬರು ಹೆಣ್ಣುಮಕ್ಕಳು,
ಊರು, ಹೋಬಳಿ ಕೂಡ.
ಅದಕ್ಕೇ ಹಿಂಡಿದ. ಆಲೆಮನೆಯ ಗಾಣಕ್ಕೆ ಜಲ್ಲೆ ಕೊಟ್ಟ ಹಾಗೆ
'ಣ'ವನ್ನು ಕೊಟ್ಟ, ಉಸಿರು ಒಳಗೆಳಕೋ ಅಂದ.
'ಯ'ದ ಸುರುಳಿ ಬಿಗಿದ.
ಗೆರೆ ಮಾತ್ರ ಹೆಬ್ಬೆರಳಿನಷ್ಟು ದಪ್ಪ,
ಅಲ್ಲಿ ಜುಗ್ಗತನ ಇಲ್ಲ.
ಒಳಗಿನ ಬಿಳಿ ಕಾಯಿ, ಅನ್ನುತ್ತಿದ್ದ ನನಗೆ,
ಗವಾಕ್ಷಿ ಮುಚ್ಚಿತೋ, 'ಠ' ಬರೀ ಡಾಂಬರಿನ ಉಂಡೆ.

ನನ್ನ ಕೆಲಸ ನೀಲಿಪುಡಿಯ ದಾರ.
ಎಳೆದು ಹಿಡಿದು ಚಟ್ಟನೆ ಬಿಡುವುದು.
ಎಷ್ಟು ವಾಲಲಿ ಅಂತ ಕೇಳಿದರೆ
ಅಳತೆಪಟ್ಟಿ ಇಲ್ಲ, ಕೋನಮಾಪಕ ಇಲ್ಲ:
ಎದುರುಗಾಳಿಗೆ ಸೈಕಲ್ ತುಳಿಯೋನ ಬೆನ್ನು
ಎಷ್ಟೋ ಅಷ್ಟು.

ಹಾಲಿನ ಟ್ಯಾಂಕರಿನ ಬೆನ್ನಿಗೆ 'ತುರ್ತು'.
ಬನ್ನೂರು ಬಸ್ಸಿನ ಪಕ್ಕೆಗೆ.
ಹೊನಲು ಬೆಳಕಿನ ಕಬಡ್ಡಿಗೆ, ಎತ್ತಿನಗಾಡಿ ಓಟಕ್ಕೆ,
ಕೆಂಪಿನ ಹಿಂದೆ ಹಳದಿ ನೆರಳು, ಧೂಳೆದ್ದಂತೆ.
ಸ್ಕೂಲಿಗೆ ಕೂಡದು. ಸೊಸೈಟಿಗೆ ಕೂಡದು.
ಪಂಚರ್ ಅಂಗಡಿಗೆ? ಥೂ,
ಅಲ್ಲಿಗೆ ಬರೋನೇ ನಿಂತು ಹೋದೋನು!
ತಿಥಿಯ ಬೋರ್ಡಿಗೆ ನಾನೊಮ್ಮೆ ಓರೆ ಗೀಚಿದಾಗ
ಬ್ರಷ್ಷು ಕಿತ್ತುಕೊಂಡ.
ಇನ್ನೆಲ್ಲಿಗೆ ಓಡ್ತದಪ್ಪಾ ಅದು,
ನೆಟ್ಟಗೆ ಬರಿ.

ಗುತ್ತಲು ರಸ್ತೆಯ ಚಿಕ್ಕತಾಯಮ್ಮ ಬಂದದ್ದು ಆ ವರ್ಷವೇ.
ಇಡ್ಲಿ ಅಂಗಡಿ, ಹೊಸ ಶಟರು.
ಲಾರಿ ಮೇಲಿರ್ತದಲ್ಲ, ಅಂಥದ್ದೇ ಹಾಕು ಅಂದಳು.
ಹೋಟ್ಲು ಒಂದ್ಕಡೆ ನಿಂತಿರ್ತದೆ ಕಣವ್ವ,
ದುಂಡಗೆ ಬರೀತೀನಿ, ಇಡ್ಲಿ ಥರ, ಅಂದ ಬೆಟ್ಟಸ್ವಾಮಿ.
ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.
ನಿಂತಿರೋದು ಗೋಡೆ.
ನಾನು ನಿಂತಿದ್ದ ಯಾವತ್ತು ಕಂಡಿದ್ದೀಯ?

ಅವನು ತಿನ್ನರಿನಲ್ಲಿ ಬ್ರಷ್ಷು ತೊಳೆದ.
ಮತ್ತೆ ತೊಳೆದ.
ದಾರ ಹಿಡಿ ಅಂದ ನನಗೆ,
ಇನ್ನೊಂದು ಚೂರು ವಾಲಿಸು.

ಬೆಟ್ಟಸ್ವಾಮಿ ಈಗಿಲ್ಲ. ನಾನು ಬ್ಯಾಟರಿ ಅಂಗಡಿ ಇಟ್ಟಿದ್ದೇನೆ,
ಬೋರ್ಡು ಫ್ಲೆಕ್ಸಿನದ್ದು, ಅದರ ಅಕ್ಷರ
ಯಾರೋ ಕತ್ತು ಹಿಡಿದು ತಳ್ಳಿದಂತೆ ವಾಲಿದೆ,
ಒಳಗಿನ ಬಿಳಿ ಯಾರೂ ಕಾದಿಲ್ಲ.

ಮುಂಜಾನೆ ನಾಲ್ಕಕ್ಕೆ ಆ ದಾರಿಯಲ್ಲಿ ಬಂದರೆ ಒಮ್ಮೊಮ್ಮೆ
ಶಟರು ಏಳುವ ಸದ್ದು ಸಿಗುತ್ತದೆ.
ತಲೆಕಟ್ಟುಗಳು ಮೊದಲು ಸುರುಳಿಯೊಳಕ್ಕೆ,
ಆಮೇಲೆ ಹೊಟ್ಟೆ,
ಕಡೆಗೆ 'ಕ'ದ ಒತ್ತು, 'ಮ'ದ ಒತ್ತು
ಕಾಲೆತ್ತಿ ಒಳಗೆ.
ಹಬೆ ಆಗಲೇ ಹೊರಗೆ ಬಂದಿರುತ್ತದೆ.