ಮೈಲುತುತ್ತ

ಬಾ ತಂಗಿ, ಚಪ್ಪಲಿ ಹಾಕ್ಕೊಂಡ ಬಾ,
ಇದೇನ ಗುಡಿ ಅಲ್ಲ, ದಫ್ತರದ ಕೋಣಿ.
ಸ್ಕ್ಯಾನ್ ಮಾಡಾಕ ಹುಡುಗಿ ಬರತಾಳಂತ ಮ್ಯಾಲಿನವ್ರು ಹೇಳ್ಯಾರ.
ಮಾಡು. ಆದರ ಹಾಳಿ ತಿರುವಿದ ಬಟ್ಟ ಬಾಯಾಗ ಇಡಬ್ಯಾಡ,
ಅಂಟಿನಾಗ ಮೈಲುತುತ್ತ ಐತಿ.
ಮೊದಲ ನಮ್ಮಪ್ಪ ಖಾಜೇಸಾಬ ಹಾಕತಿದ್ದ, ಆಮ್ಯಾಲೆ ನಾನು:
ಒಂದ ಸೇರ ಮೈದಾಕ್ಕ ಒಂದ ಚಿಟಿಕಿ,
ನವಿಲಿನ ಕುತ್ತಿಗಿ ಹಂಗ ನೀಲಿ.
ಹುಳಕ್ಕ ವಿಷ, ಹೆಸರಿಗೆ ಆಯುಷ್ಯ.

ಈ ವಹಿ ಐವತ್ತಮೂರನೇ ಇಸ್ವಿದು.
ಆವಾಗ ಈ ಗುಡ್ಡದ ಮ್ಯಾಲೆ ಬರೇ ಗಾಳಿ ಇತ್ತಂತ.
ಅಪ್ಪ ಕಲ್ಲು ಹೊರೋ ಕೂಲಿಗೆ ಬಂದಾಂವ;
ದಬ್ಬಣ ಹಿಡಿಯಾಕ ಬರತೈತೇನು ಅಂತ ಯಾರೋ ಸಾಹೇಬ್ರು ಕೇಳಿದ್ರು.
ಗಾದಿ ಹೊಲಿಯೋ ನದಾಫರ ಮಗ, ಬರೂದಿಲ್ಲ ಅಂತಾನೇನು?

ಬೀದರದಿಂದ ಕಾರವಾರದ ತನಕ
ಪಾಸಾದಾಂವ, ನಪಾಸಾದಾಂವ, ಕಾಪಿ ಹೊಡದ ಸಿಕ್ಕಾಂವ,
ಎಲ್ಲಾರೂ ಇದ ಕೋಣ್ಯಾಗ ಮಲಗ್ಯಾರ.
ಆಮ್ಯಾಲೆ ಹಿಸೆ ಆತು.
ಕಲಬುರ್ಗಿ ಬ್ಯಾರೆ ಒಲಿ ಹೂಡಿತು, ಬೆಳಗಾಂವಿ ಬ್ಯಾರೆ,
ಮೊನ್ನೆ ಮೊನ್ನೆ ಹಾವೇರಿನೂ.
ಹಿರೇಮನಿ ಹಿಸೆ ಅಂದ್ರ ಗೊತ್ತಲ್ಲ,
ಹಂಡೆ ಕೊಳಗ ಅವರ ಪಾಲಿಗೆ,
ಅಜ್ಜನ ಕೆಮ್ಮು ನಮ್ಮ ಪಾಲಿಗೆ.

ಗ್ರೇಡ್ ಕೊಡೋ ಕಮಿಟಿ ಬಂದಾಗೊಮ್ಮೆ
ಅಂಗಳಕ್ಕ ಹೂವಿನ ಕುಂಡಾ ಇಡತಾರ,
ಈ ಬಾಗಲಕ್ಕ ಕೀಲಿ ಜಡದು
ಚಾ ಕುಡದ ಬಾ ಹೋಗು ಅಂತಾರ ನನಗ.
ಎರಡ ತಾಸಿನ ಚಾ.
ಊರಾಗ ಮಂದಿ ಕೇಳತಾರ:
ನಿಮ್ಮ ಯುನಿವರ್ಸಿಟಿ ಈಗ ಮೊದಲಿನಂಗ ಇಲ್ಲಂತಲ್ಲ?
ಮೊದಲ ಹೆಂಗಿತ್ತಂತ ನಿಮಗ ಯಾರು ಹೇಳಿದ್ರು ಅಂತೀನಿ.
ಸಿಟ್ಟಾಗತಾರ.

ಆ ಕಪಾಟ ತಗಿ. ಅದಲ್ಲ, ಕಬ್ಬಿಣದ್ದು.
ಯಾರೂ ಒಯ್ಯದ ಪದವಿ ಇವು.
ಓದು ಇದನ್ನ: ನೀಲವ್ವ ಚನಬಸಪ್ಪ ಕಡ್ಲಿಕೊಪ್ಪ, ಬಿ.ಎ., ಮೂರನೇ ವರ್ಗ.
ಮೂರ ಸರ್ತಿ ಅಂಚೆಗೆ ಹಾಕಿದ್ರ
ಮೂರ ಸರ್ತಿನೂ ತಿರುಗಿ ಬಂತು.
ಕಡೀ ಸರ್ತಿ ಪೋಸ್ಟಮನ್ ಪೆನ್ಸಿಲ್ಲಿಲೆ ಬರದಾನ:
‘ಊರು ಮುಳುಗಿದೆ.’
ಹೊಳಿಗೆ ಅಡ್ಡ ಗ್ವಾಡಿ ಕಟ್ಟಿದ ವರ್ಸ ಅದು.
ಯಾವ ಸಾಲ್ಯಾಗ ಬೋರ್ಡ್ ಒರಿಸಿದಳೋ,
ಯಾರ ಒಲಿ ಊದಿದಳೋ.
ವರ್ಸಕ್ಕೊಮ್ಮೆ ಹೊರಗ ತಗದು ಧೂಳ ಝಾಡಿಸಿ
ಬೇವಿನ ಎಲಿ ಬದಲ ಮಾಡತೀನಿ.

ಮೊದಲ ಇದನ್ನ ಮಾಡು.
ಆ ಮಶೀನಿನ ಬೆಳಕ ಒಂದ ಸಲ
ಆಕಿ ಹೆಸರಿನ ಮ್ಯಾಲೆ ಹಾದ ಹೋಗಲಿ.
ಆಮ್ಯಾಲೆ ಕೈ ತೊಳಕೊ.
ನಳದಾಗ ನೀರಿಲ್ಲ, ಎಂಟ ದಿನಕ್ಕೊಮ್ಮೆ ಬಿಡತಾರ.
ಮೂಲ್ಯಾಗ ಕೊಡಾ ತುಂಬಿಟ್ಟೀನಿ,
ಮಲಪ್ರಭಾ ನೀರು.